ಲಂಡನ್‌ನಲ್ಲಿ ಎರಡು ದಿನ: ವಿದ್ಯಾರ್ಥಿಯ ಜೇಬಿಗೆ ಹೊಂದುವ ದಾರಿ

ಲೆಸ್ಟರ್‌ನಲ್ಲಿ ಓದುತ್ತಿದ್ದ ವರ್ಷ ನಾನು ಐದು ಬಾರಿ ಲಂಡನ್‌ಗೆ ಹೋಗಿ ಬಂದೆ. ಮೊದಲ ಸಲ ಕೈಯಲ್ಲಿ ಹದಿನಾಲ್ಕು ಸ್ಥಳಗಳ ಪಟ್ಟಿಯಿತ್ತು. ಹನ್ನೊಂದನ್ನು ನೋಡಿದೆ. ಊರಿಗೆ ಫೋನ್ ಮಾಡಿದಾಗ ಅಮ್ಮ "ಏನೇನು ನೋಡಿದೆ?" ಎಂದು ಕೇಳಿದರು. ಹೆಸರುಗಳನ್ನು ಹೇಳಿದೆನೇ ಹೊರತು ಯಾವುದರ ಬಗ್ಗೆಯೂ ಎರಡು ಮಾತು ಹೆಚ್ಚಿಗೆ ಹೇಳಲಾಗಲಿಲ್ಲ. ಎರಡನೆಯ ಸಲ ಹೋದಾಗ ಪಟ್ಟಿಯನ್ನು ನಾಲ್ಕಕ್ಕೆ ಇಳಿಸಿದೆ. ಆ ವಾರಾಂತ್ಯ ಇಂದಿಗೂ ಕಣ್ಣ ಮುಂದಿದೆ. ಬ್ರಿಟನ್‌ನ ಬೇರೆ ಊರುಗಳಲ್ಲಿ ಓದುತ್ತಾ ಮೊದಲ ಬಾರಿ ಲಂಡನ್‌ಗೆ ಹೊರಟಿರುವವರಿಗಾಗಿ ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪ್ರಯಾಣಕ್ಕೆ ಮತ್ತು ಮಲಗುವ ಜಾಗಕ್ಕೆ ದುಡ್ಡು ಖರ್ಚು ಮಾಡಿ. ನೋಡುವುದಕ್ಕೆ ಬಹುಮಟ್ಟಿಗೆ ಏನೂ ಕೊಡಬೇಕಾಗಿಲ್ಲ, ಏಕೆಂದರೆ ಈ ನಗರದ ದೊಡ್ಡ ವಸ್ತುಸಂಗ್ರಹಾಲಯಗಳಿಗೆ ಪ್ರವೇಶ ಉಚಿತ.

ಹೆಜ್ಜೆ 1: ಮೂರು ವಾರ ಮೊದಲು

ಲಂಡನ್ ಪ್ರವಾಸದ ಅರ್ಧ ಖರ್ಚು ನೀವು ಯಾವಾಗ ಟಿಕೆಟ್ ಕೊಳ್ಳುತ್ತೀರಿ ಎಂಬುದರಲ್ಲೇ ತೀರ್ಮಾನವಾಗುತ್ತದೆ. ರೈಲಿನ ಮುಂಗಡ ಟಿಕೆಟ್‌ಗಳು ಹಿಂದಿನ ದಿನದ ಬೆಲೆಗಿಂತ ಎಷ್ಟೋ ಅಗ್ಗ. ಅದರ ಮೇಲೆ 16–25 ರೈಲ್‌ಕಾರ್ಡ್ ಇದ್ದರೆ ಮೂರನೇ ಒಂದು ಭಾಗ ರಿಯಾಯಿತಿ ಸಿಗುತ್ತದೆ. ಇಪ್ಪತ್ತೈದು ದಾಟಿದವರೂ ಪೂರ್ಣಾವಧಿ ವಿದ್ಯಾರ್ಥಿಗಳಾಗಿದ್ದರೆ ಈ ಕಾರ್ಡ್ ಪಡೆಯಬಹುದು. ನಮ್ಮಲ್ಲಿ ಕೆಲಸ ಮಾಡಿ ಬಂದು ಸ್ನಾತಕೋತ್ತರ ಪದವಿಗೆ ಸೇರಿದವರೇ ಹೆಚ್ಚು, ಅವರಲ್ಲಿ ಅನೇಕರಿಗೆ ಈ ವಿಷಯ ಗೊತ್ತಿರುವುದಿಲ್ಲ.

ನನ್ನ ಸಲಹೆ ಇಷ್ಟು: ಹೋಗುವಾಗ ರೈಲು, ಬರುವಾಗ ಬಸ್ಸು. ಲೆಸ್ಟರ್‌ನಿಂದ ಸೇಂಟ್ ಪ್ಯಾಂಕ್ರಸ್ ನಿಲ್ದಾಣಕ್ಕೆ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು, ಬಸ್ಸಿನಲ್ಲಿ ಮೂರು ಗಂಟೆಯ ಹತ್ತಿರ. ಶುಕ್ರವಾರ ಸಂಜೆಯ ಹೊತ್ತು ಬಹಳ ಅಮೂಲ್ಯ, ಅದಕ್ಕೆ ವೇಗ ಬೇಕು. ಭಾನುವಾರ ರಾತ್ರಿ ಹೇಗೂ ದಣಿದು ನಿದ್ದೆ ಮಾಡುತ್ತೀರಿ. ಆ ನಿದ್ದೆಗೆ ಬಸ್ಸು ಸಾಕು.

ಮಲಗುವುದಕ್ಕೆ ಯೂತ್ ಹಾಸ್ಟೆಲ್‌ನ ಸಾಮೂಹಿಕ ಕೋಣೆಯ ಒಂದು ಹಾಸಿಗೆ ಸಾಕು. ಯೂಸ್ಟನ್ ರಸ್ತೆಯಲ್ಲಿ, ಬ್ರಿಟಿಷ್ ಲೈಬ್ರರಿಯ ಎದುರಿಗೇ ಒಂದು ಇದೆ. ರೈಲಿಳಿದು ಕೆಲವೇ ನಿಮಿಷ ನಡೆದರೆ ತಲುಪುತ್ತೀರಿ. ದೂರದ ಬಡಾವಣೆಯಲ್ಲಿ ಹತ್ತು ಪೌಂಡ್ ಉಳಿಸಲು ಹೋದರೆ ಆ ಹಣ ಓಡಾಟಕ್ಕೆ ಹೋಗುತ್ತದೆ, ಜೊತೆಗೆ ಎರಡು ಗಂಟೆಯೂ ಹೋಗುತ್ತದೆ. ಹಾಸ್ಟೆಲ್‌ನಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ, ಮರೆಯಬೇಡಿ. ಲಾಕರ್‌ಗೆ ಒಂದು ಸಣ್ಣ ಬೀಗ, ಒಂದು ಟವೆಲ್ ಜೊತೆಗಿರಲಿ. ಚಕ್ರದ ಸೂಟ್‌ಕೇಸ್ ಖಂಡಿತ ಬೇಡ. ಬ್ರಿಟಿಷ್ ಮ್ಯೂಸಿಯಂನಂಥ ಕಡೆ ಅದನ್ನು ಒಳಗೆ ಬಿಡುವುದೇ ಇಲ್ಲ. ಬೆನ್ನಿಗೆ ಹಾಕುವ ಒಂದು ಚೀಲದಲ್ಲಿ ಹಿಡಿಸುವಷ್ಟೇ ತನ್ನಿ.

ಎತ್ತರದಿಂದ ನಗರವನ್ನು ನೋಡುವ ಆಸೆಯಿದ್ದರೆ ದುಬಾರಿ ಟಿಕೆಟ್ ಕೊಳ್ಳಬೇಡಿ. ಫೆನ್‌ಚರ್ಚ್ ಬೀದಿಯ ಸ್ಕೈ ಗಾರ್ಡನ್ ಮತ್ತು ಬಿಷಪ್ಸ್‌ಗೇಟ್‌ನ ಹೊರೈಜನ್ 22, ಎರಡೂ ಉಚಿತ. ಆದರೆ ಮೊದಲೇ ಕಾದಿರಿಸಬೇಕು, ವಾರಾಂತ್ಯದ ಸಮಯಗಳು ಬೇಗ ಮುಗಿದುಹೋಗುತ್ತವೆ. ಅದಕ್ಕೇ ಮೂರು ವಾರ ಮೊದಲು ಎಂದದ್ದು.

ಹೆಜ್ಜೆ 2: ಕಾರ್ಡಿನ ಲೆಕ್ಕ

ಲಂಡನ್ ಬಸ್ಸುಗಳಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ. ನಿಮ್ಮ ಬ್ಯಾಂಕ್ ಕಾರ್ಡನ್ನೋ ಮೊಬೈಲನ್ನೋ ಹಳದಿ ಫಲಕಕ್ಕೆ ತಾಗಿಸಿದರೆ ಸಾಕು. ಸುರಂಗ ರೈಲಿನಲ್ಲಿ ಹತ್ತುವಾಗಲೂ ಇಳಿದು ಹೊರಬರುವಾಗಲೂ ತಾಗಿಸಬೇಕು. ಬಸ್ಸಿನಲ್ಲಿ ಹತ್ತುವಾಗ ಮಾತ್ರ.

ಇಲ್ಲಿ ಒಂದು ತಪ್ಪು ಬಹಳ ಜನ ಮಾಡುತ್ತಾರೆ. ನನ್ನ ಗೆಳತಿಯೊಬ್ಬಳು ಹತ್ತುವಾಗ ಕಾರ್ಡ್ ತಾಗಿಸಿದಳು, ಇಳಿಯುವಾಗ ಅದೇ ಕಾರ್ಡ್ ತುಂಬಿದ್ದ ಮೊಬೈಲ್ ತಾಗಿಸಿದಳು. ಖಾತೆ ಒಂದೇ ಆದರೂ ಯಂತ್ರಕ್ಕೆ ಅವು ಎರಡು ಬೇರೆ ಪ್ರಯಾಣಿಕರು. ಎರಡೂ ಅಪೂರ್ಣ ಪ್ರಯಾಣಗಳೆಂದು ಲೆಕ್ಕವಾಗಿ ಎರಡಕ್ಕೂ ಗರಿಷ್ಠ ದರ ಬಿತ್ತು. ಎರಡೂ ದಿನ ಒಂದೇ ವಸ್ತುವನ್ನು ಬಳಸಿ. ಭಾರತದ ಬ್ಯಾಂಕಿನ ಕಾರ್ಡ್ ಆದರೆ ಪ್ರತಿ ಬಾರಿಯೂ ವಿದೇಶಿ ವಿನಿಮಯದ ಶುಲ್ಕ ಸೇರಿಕೊಳ್ಳಬಹುದು, ಆದ್ದರಿಂದ ಇಲ್ಲಿಯ ಖಾತೆಯ ಕಾರ್ಡೇ ಒಳ್ಳೆಯದು.

ನಾನಿದ್ದಾಗ ಬಸ್ಸಿನ ದರ 1.75 ಪೌಂಡ್ ಇತ್ತು. ಮೊದಲ ಬಾರಿ ತಾಗಿಸಿದ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಅಷ್ಟೇ. ದಿನಕ್ಕೊಂದು ಮಿತಿಯೂ ಇದೆ. ಅದನ್ನು ಮುಟ್ಟಿದ ಮೇಲೆ ಎಷ್ಟು ತಿರುಗಿದರೂ ಹೆಚ್ಚು ಕಡಿತವಾಗುವುದಿಲ್ಲ. ರೈಲ್‌ಕಾರ್ಡ್ ಇರುವವರು ಇನ್ನೊಂದು ಕೆಲಸ ಮಾಡಬಹುದು: ಒಂದು ಆಯ್‌ಸ್ಟರ್ ಕಾರ್ಡ್ (ಮೊದಲೇ ದುಡ್ಡು ತುಂಬಿಸಿಟ್ಟು ಬಳಸುವ ಲಂಡನ್ ಸಾರಿಗೆಯ ಕಾರ್ಡ್) ಕೊಂಡು, ಸುರಂಗ ರೈಲು ನಿಲ್ದಾಣದ ಸಿಬ್ಬಂದಿಗೆ ಹೇಳಿ ರೈಲ್‌ಕಾರ್ಡನ್ನು ಅದಕ್ಕೆ ಜೋಡಿಸಿಕೊಳ್ಳುವುದು. ದಟ್ಟಣೆಯಿಲ್ಲದ ಹೊತ್ತಿನ ದರದಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ, ಶನಿವಾರ–ಭಾನುವಾರ ಇಡೀ ದಿನ ದಟ್ಟಣೆಯಿಲ್ಲದ ಹೊತ್ತೇ. ಬ್ಯಾಂಕ್ ಕಾರ್ಡಿಗೆ ಈ ಜೋಡಣೆ ಆಗುವುದಿಲ್ಲ. ಆದರೆ ಆಯ್‌ಸ್ಟರ್ ಕಾರ್ಡಿಗೇ ಒಂದಿಷ್ಟು ದುಡ್ಡು ಕೊಡಬೇಕು, ಹಾಗಾಗಿ ಮತ್ತೆ ಮತ್ತೆ ಬರುವವರಿಗೆ ಮಾತ್ರ ಇದು ಲಾಭ.

ಶುಕ್ರವಾರ ಹೊರಡುವ ಮೊದಲು ಲಂಡನ್ ಸಾರಿಗೆಯ ಜಾಲತಾಣ ನೋಡಿ. ಸುರಂಗ ಮಾರ್ಗಗಳ ದುರಸ್ತಿಯನ್ನು ಅವರು ವಾರಾಂತ್ಯಕ್ಕೇ ಇಟ್ಟುಕೊಳ್ಳುತ್ತಾರೆ. ನೀವು ನೆಚ್ಚಿಕೊಂಡ ಮಾರ್ಗ ಆ ಎರಡು ದಿನ ಮುಚ್ಚಿರಬಹುದು.

ಹೆಜ್ಜೆ 3: ಬುತ್ತಿ

ಲಂಡನ್‌ನಲ್ಲಿ ಹೊರಗೆ ಮೂರು ಹೊತ್ತು ತಿಂದರೆ ಹಾಸಿಗೆಯ ಬಾಡಿಗೆಗಿಂತ ಊಟದ ಖರ್ಚೇ ಹೆಚ್ಚಾಗುತ್ತದೆ. ಗುರುವಾರ ರಾತ್ರಿ ಪುಳಿಯೋಗರೆ ಕಲಸಿಡಿ. ಹುಣಸೆ, ಎಣ್ಣೆ ಸರಿಯಾಗಿ ಬಿದ್ದಿದ್ದರೆ ಬೇಗ ಕೆಡುವುದಿಲ್ಲ. ಚಪಾತಿಗೆ ತುಪ್ಪ ಸವರಿ ಚಟ್ನಿಪುಡಿ ಉದುರಿಸಿ ಸುತ್ತಿಟ್ಟರೆ ನಡೆಯುತ್ತಲೇ ತಿನ್ನಬಹುದು. ನಲ್ಲಿಯ ನೀರು ಕುಡಿಯಲು ಯೋಗ್ಯ, ಖಾಲಿ ಬಾಟಲಿ ಒಯ್ಯಿರಿ.

ಬಿಸಿ ಊಟ ಬೇಕೆನಿಸಿದರೆ ಯೂಸ್ಟನ್ ನಿಲ್ದಾಣದ ಪಕ್ಕದ ಡ್ರಮಂಡ್ ಬೀದಿಗೆ ಹೋಗಿ. ದೋಸೆ, ಭೇಲ್‌ಪುರಿ, ಸಿಹಿತಿಂಡಿಯ ಅಂಗಡಿಗಳು ಅಲ್ಲಿ ಸಾಲಾಗಿವೆ. ದೋಸೆ ನಮ್ಮ ದಾವಣಗೆರೆಯದಲ್ಲ, ಆ ನಿರೀಕ್ಷೆ ಬೇಡ. ಆದರೂ ಚಳಿಯಲ್ಲಿ ನಡೆದು ಬಂದವರಿಗೆ ಆ ಸಾಂಬಾರಿನ ಬಟ್ಟಲು ಎಷ್ಟು ಹಿತವೆಂದು ಅನುಭವಿಸಿಯೇ ತಿಳಿಯಬೇಕು.

ಹೆಜ್ಜೆ 4: ಶುಕ್ರವಾರ ಸಂಜೆ

ಬ್ರಿಟಿಷ್ ಮ್ಯೂಸಿಯಂ ಉಳಿದ ದಿನ ಸಂಜೆ 5ಕ್ಕೆ ಮುಚ್ಚುತ್ತದೆ, ಶುಕ್ರವಾರ ಮಾತ್ರ ರಾತ್ರಿ 8.30ರವರೆಗೆ ತೆರೆದಿರುತ್ತದೆ. ಚೀಲವನ್ನು ಹಾಸ್ಟೆಲ್‌ನಲ್ಲಿಟ್ಟು ಅರ್ಧ ಗಂಟೆಯೊಳಗೆ ನಡೆದುಕೊಂಡೇ ಹೋಗಬಹುದು. ಉಚಿತ ಟಿಕೆಟನ್ನು ಮೊದಲೇ ಕಾದಿರಿಸಿದ್ದರೆ ಸಾಲು ಚಿಕ್ಕದು. 6ರ ನಂತರ ಶಾಲಾ ಮಕ್ಕಳ ಗುಂಪುಗಳಿರುವುದಿಲ್ಲ. ಹಗಲಿನಲ್ಲಿ ಜನರ ತಲೆಗಳ ನಡುವೆ ಇಣುಕಿ ನೋಡಬೇಕಾದ ರೊಸೆಟ್ಟಾ ಶಿಲೆಯನ್ನು ನಾನು ಅಂದು ಎದುರಿಗೇ ನಿಂತು ನೋಡಿದೆ. ಒಂದೇ ಶಾಸನ ಮೂರು ಲಿಪಿಗಳಲ್ಲಿ ಕೆತ್ತಿರುವ ಕಲ್ಲು ಅದು. ಶಾಸನಗಳ ನಾಡಿನಿಂದ ಬಂದವರಿಗೆ ಅದರ ಬೆಲೆ ಬೇಗ ಅರ್ಥವಾಗುತ್ತದೆ. ಆಮೇಲೆ ಅಮರಾವತಿಯ ಸುಣ್ಣದಕಲ್ಲಿನ ಶಿಲ್ಪಗಳಿರುವ ಕೋಣೆಗೆ ಹೋಗಿ. ಕೃಷ್ಣಾ ತೀರದಿಂದ ಬಂದ ಆ ಶಿಲ್ಪಗಳ ಮುಂದೆ ಕೂತು ನೋಡಿ. ಇಡೀ ಕಟ್ಟಡ ಸುತ್ತುವ ಹಟ ಬೇಡ. ಎರಡು ಕೋಣೆ, ಎರಡು ಗಂಟೆ.

ಹೆಜ್ಜೆ 5: ಶನಿವಾರ ಬೆಳಗ್ಗೆ, ನದಿಯ ದಡ

ಬೆಳಗ್ಗೆ 8ರೊಳಗೆ ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದಲ್ಲಿ ಇಳಿಯಿರಿ. ಹೊರಬಂದ ಕೂಡಲೇ ಬಿಗ್ ಬೆನ್ ಗೋಪುರ ತಲೆಯ ಮೇಲೆಯೇ ನಿಂತಿರುತ್ತದೆ. ಆ ಹೊತ್ತಿಗೆ ಸೇತುವೆಯ ಮೇಲೆ ಓಡುವವರು, ನಾಯಿ ಹಿಡಿದು ನಡೆಯುವವರು ಮಾತ್ರ. 11ರ ನಂತರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಬಟ್ಟಲು ಮಗುಚಿ ಚೆಂಡು ಎಲ್ಲಿದೆ ಹೇಳಿ ಎಂದು ಕರೆಯುವವರೂ ಬಂದು ಕೂರುತ್ತಾರೆ. ಗೆದ್ದು ನಗುತ್ತಿರುವ ಪಕ್ಕದವರೆಲ್ಲ ಅವರ ಕಡೆಯವರೇ. ನಿಲ್ಲದೆ ಮುಂದೆ ನಡೆಯಿರಿ.

ಸೇತುವೆ ದಾಟಿ ಬಲಕ್ಕೆ ಇಳಿದರೆ ನದಿಯ ದಡದ ಕಾಲುದಾರಿ. ಎಡಗಡೆ ಉದ್ದಕ್ಕೂ ಒಂದು ಗೋಡೆ, ಅದರ ತುಂಬ ಕೆಂಪು ಹೃದಯದ ಚಿತ್ರಗಳು. ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ ಅವರ ಮನೆಯವರು 2021ರ ಮಾರ್ಚ್‌ನಲ್ಲಿ ಬರೆಯಲು ಆರಂಭಿಸಿದ ಸ್ಮಾರಕ ಇದು. ಒಂದು ಜೀವಕ್ಕೆ ಒಂದು ಹೃದಯ, ಸುಮಾರು ಅರ್ಧ ಕಿಲೋಮೀಟರ್ ಉದ್ದ. ಎದುರು ದಡದಲ್ಲಿ ಸಂಸತ್ತು. ಹೆಸರುಗಳನ್ನು ಓದುತ್ತಾ ನಿಧಾನವಾಗಿ ನಡೆಯಿರಿ. ಅವುಗಳಲ್ಲಿ ನಮ್ಮ ಕಡೆಯ ಹೆಸರುಗಳೂ ಇವೆ.

ಹಾಗೆಯೇ ಲ್ಯಾಂಬೆತ್ ಸೇತುವೆಯ ಬುಡ ದಾಟಿ ವಾಕ್ಸ್‌ಹಾಲ್ ಕಡೆಗೆ ಮುಂದುವರಿದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ಸಿಗುತ್ತದೆ. ಬಹಳಷ್ಟು ಪ್ರವಾಸಿ ಪುಸ್ತಕಗಳಲ್ಲಿ ಇದರ ಹೆಸರಿಲ್ಲ, ನಿಮ್ಮ ಸಹಪಾಠಿಗಳಿಗೂ ಗೊತ್ತಿರುವುದಿಲ್ಲ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲ್ ಅವರ ಪ್ರಯತ್ನದಿಂದ ಇದು ಇಲ್ಲಿಗೆ ಬಂತು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ನಾನು ಹೋದ ಬೆಳಗ್ಗೆ ಮಂಜು ಇತ್ತು, ಸುತ್ತ ಯಾರೂ ಇರಲಿಲ್ಲ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ವಚನವೊಂದು ತಾನಾಗಿ ನಾಲಿಗೆಗೆ ಬಂತು. ಜೋರಾಗಿಯೇ ಹೇಳಿದೆ. ಪರದೇಶದಲ್ಲಿ ಎರಡು ತಿಂಗಳಿಂದ ಫೋನಿನಲ್ಲಲ್ಲದೆ ಬಾಯಿ ಬಿಟ್ಟು ಕನ್ನಡ ಆಡದೆ ಇದ್ದವನಿಗೆ ಆ ಐದು ನಿಮಿಷ ಎಷ್ಟು ಬೇಕಾಗಿತ್ತೆಂದು ಆಗಲೇ ಗೊತ್ತಾದದ್ದು. ಚಪಾತಿ ತಿನ್ನಲು ಇಲ್ಲಿಗಿಂತ ಒಳ್ಳೆಯ ಜಾಗ ಲಂಡನ್‌ನಲ್ಲಿ ನನಗೆ ಸಿಗಲಿಲ್ಲ.

ಹೆಜ್ಜೆ 6: ಟಿಪ್ಪುವಿನ ಹುಲಿ

ಪ್ರತಿಮೆಯಿಂದ ವಾಕ್ಸ್‌ಹಾಲ್ ನಿಲ್ದಾಣಕ್ಕೆ ನಡೆದು, ವಿಕ್ಟೋರಿಯಾ ಮಾರ್ಗದಲ್ಲಿ ಎರಡನೆಯ ನಿಲ್ದಾಣವಾದ ವಿಕ್ಟೋರಿಯಾದಲ್ಲಿ ಇಳಿಯಿರಿ. ಅಲ್ಲಿ ಡಿಸ್ಟ್ರಿಕ್ಟ್ ಅಥವಾ ಸರ್ಕಲ್ ಮಾರ್ಗಕ್ಕೆ ಬದಲಾಯಿಸಿದರೆ ಎರಡನೆಯ ನಿಲ್ದಾಣ ಸೌತ್ ಕೆನ್ಸಿಂಗ್‌ಟನ್. ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಬಾಗಿಲು 10ಕ್ಕೆ ತೆರೆಯುತ್ತದೆ. ಆ ಹೊತ್ತಿಗೇ ಅಲ್ಲಿರಿ.

ನೋಡಬೇಕಾದದ್ದು ಟಿಪ್ಪು ಸುಲ್ತಾನನಿಗಾಗಿ ಮಾಡಿದ ಮರದ ಹುಲಿ. ದಕ್ಷಿಣ ಏಷ್ಯಾ ವಿಭಾಗಕ್ಕೆ ಸೇರಿದ ಈ ವಸ್ತುವನ್ನು ನವೀಕರಣದ ಕಾಲದಲ್ಲಿ ಬೇರೆಡೆಗೆ ಸರಿಸಿರಬಹುದು. ಹೋಗುವ ಮೊದಲು ಸಂಗ್ರಹಾಲಯದ ಜಾಲತಾಣದಲ್ಲಿ ಅದರ ಹೆಸರು ಹುಡುಕಿ ಈಗ ಎಲ್ಲಿದೆ ಎಂದು ನೋಡಿಕೊಳ್ಳಿ. ಚಿತ್ರಗಳಲ್ಲಿ ಅದು ಆಟಿಕೆಯಂತೆ ಕಾಣುತ್ತದೆ. ಎದುರಿಗೆ ನಿಂತರೆ ಬಹುತೇಕ ನಿಜವಾದ ಹುಲಿಯಷ್ಟೇ ದೊಡ್ಡದು. ಅಂಗಾತ ಬಿದ್ದ ಯೂರೋಪಿಯನ್ ಒಬ್ಬನ ಕುತ್ತಿಗೆಗೆ ಬಾಯಿ ಹಾಕಿದೆ. ಒಳಗೆ ಕೊಳವೆಗಳ ವಾದ್ಯವಿದೆ. ಹಿಡಿಕೆ ತಿರುಗಿಸಿದರೆ ಆ ಮನುಷ್ಯನ ಕೈ ಮೇಲೆ ಕೆಳಗೆ ಆಡುತ್ತದೆ, ಅವನ ನರಳಾಟವೂ ಹುಲಿಯ ಗುರುಗುರು ಸದ್ದೂ ಕೇಳುತ್ತವೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಸಂಗೀತದ ಕೋಣೆಯಿಂದ ಇದನ್ನು ತೆಗೆದುಕೊಂಡು ಹೋದರು. ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಾಗ ನೋಡಲು ಬಂದವರೇ ಹಿಡಿಕೆ ತಿರುಗಿಸುತ್ತಿದ್ದರು. ಆ ಸದ್ದಿನಲ್ಲಿ ಓದಲಾಗುತ್ತಿಲ್ಲವೆಂದು ಅಲ್ಲಿನ ಗ್ರಂಥಾಲಯದ ಓದುಗರು ಗೊಣಗಿದ್ದರಂತೆ. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಜಖಂಗೊಂಡು ಮತ್ತೆ ದುರಸ್ತಿಯಾಯಿತು. ಈಗ ಗಾಜಿನೊಳಗೆ ಮೌನವಾಗಿದೆ.

ನಾನು ಹುಟ್ಟಿದ್ದು ಮಂಡ್ಯ ಜಿಲ್ಲೆಯಲ್ಲಿ. ಶ್ರೀರಂಗಪಟ್ಟಣದ ಕೋಟೆಯಲ್ಲಿ ಶಾಲಾ ಪ್ರವಾಸದ ದಿನ ಓಡಾಡಿದ್ದೇನೆ. ಅಲ್ಲಿ ಬರಿಯ ಗೋಡೆ, ಇಲ್ಲಿ ಆ ಗೋಡೆಯೊಳಗಿದ್ದ ವಸ್ತು. ಟಿಪ್ಪುವಿನ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಆ ವಸ್ತು ಇಲ್ಲಿಗೆ ಬಂದ ಬಗೆಯನ್ನು ನೆನೆದು ಅದರ ಮುಂದೆ ನಿಂತರೆ ಹೊಟ್ಟೆಯೊಳಗೆ ಏನೋ ಹಿಂಡಿದಂತಾಗುತ್ತದೆ. ನನಗೆ ಸಿಟ್ಟೂ ಬಂತು, ಇಷ್ಟು ಜೋಪಾನವಾಗಿ ಇಟ್ಟಿದ್ದಾರಲ್ಲ ಎಂಬ ಸಮಾಧಾನವೂ ಆಯಿತು. ಎರಡೂ ಒಟ್ಟಿಗೇ ಇದ್ದವು. ಇದಕ್ಕೆ ಕನಿಷ್ಠ ಅರ್ಧ ಗಂಟೆ ಕೊಡಿ.

ರಸ್ತೆಯಾಚೆಯೇ ನಿಸರ್ಗ ಚರಿತ್ರೆಯ ಮತ್ತು ವಿಜ್ಞಾನದ ಸಂಗ್ರಹಾಲಯಗಳಿವೆ. ಎರಡೂ ಉಚಿತ. ಒಂದನ್ನು ಮಾತ್ರ ಆರಿಸಿಕೊಳ್ಳಿ, ಅದೂ ಕಾಲಿಗೆ ಶಕ್ತಿ ಇದ್ದರೆ. ಇಲ್ಲದಿದ್ದರೆ ಹೈಡ್ ಪಾರ್ಕಿನ ಹುಲ್ಲಿನ ಮೇಲೆ ಪುಳಿಯೋಗರೆ ಬಿಚ್ಚಿ.

ಹೆಜ್ಜೆ 7: ಶನಿವಾರ ಸಂಜೆ, ಮಹಡಿ ಬಸ್ಸು

ರಾಯಲ್ ಆಲ್ಬರ್ಟ್ ಹಾಲ್ ಎದುರು 9ನೇ ಸಂಖ್ಯೆಯ ಬಸ್ಸು ಹತ್ತಿ ಮಹಡಿಯ ಮುಂದಿನ ಸೀಟು ಹಿಡಿಯಿರಿ. ಹೈಡ್ ಪಾರ್ಕ್ ಮೂಲೆ, ಪಿಕಡಿಲಿ, ಟ್ರಫಾಲ್ಗರ್ ಚೌಕ, ಎಲ್ಲವೂ ಕಿಟಕಿಯಲ್ಲೇ ಸರಿದುಹೋಗುತ್ತವೆ. ಪ್ರವಾಸಿ ಬಸ್ಸಿಗೆ ಮೂವತ್ತು ನಲವತ್ತು ಪೌಂಡ್ ಕೊಟ್ಟವರು ನೋಡುವುದೂ ಇದನ್ನೇ. ಕೊನೆಯ ನಿಲ್ದಾಣ ಆಲ್ಡ್‌ವಿಚ್‌ನಲ್ಲಿ ಇಳಿದು 15ನೇ ಸಂಖ್ಯೆಗೆ ಬದಲಾಯಿಸಿದರೆ ಸೇಂಟ್ ಪಾಲ್ಸ್ ಚರ್ಚ್. ಗಂಟೆಯೊಳಗಾದರೆ ಎರಡನೆಯ ಬಸ್ಸಿಗೆ ದುಡ್ಡಿಲ್ಲ.

ಅಲ್ಲಿಂದ ಮಿಲೇನಿಯಂ ಕಾಲುಸೇತುವೆ. 2000ದಲ್ಲಿ ತೆರೆದಾಗ ಜನರ ಹೆಜ್ಜೆಗೆ ಇದು ಪಕ್ಕಕ್ಕೆ ತೂಗಾಡಿ, ಎರಡೇ ದಿನದಲ್ಲಿ ಮುಚ್ಚಿ, ಸರಿಪಡಿಸಿ 2002ರಲ್ಲಿ ಮತ್ತೆ ತೆರೆದರು. ಎಂಜಿನಿಯರಿಂಗ್ ಓದುವವರಿಗೆ ಇದು ಪಾಠವೇ ಹೌದು, ಕೆಳಗೆ ಜೋಡಿಸಿರುವ ತಡೆ ಸಾಧನಗಳನ್ನು ಬಗ್ಗಿ ನೋಡಿ. ಸೇತುವೆಯ ಆಚೆ ಹಳೆಯ ವಿದ್ಯುತ್ ಸ್ಥಾವರದಲ್ಲಿರುವ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯ. ನಂತರ ದಡ ಹಿಡಿದು ಪೂರ್ವಕ್ಕೆ ನಡೆದರೆ ದೀಪ ಹೊತ್ತಿದ ಟವರ್ ಬ್ರಿಡ್ಜ್. ಹಡಗಿಗಾಗಿ ಸೇತುವೆ ಎರಡಾಗಿ ಮೇಲೇಳುವ ಸಮಯಗಳು ಅದರ ಜಾಲತಾಣದಲ್ಲಿರುತ್ತವೆ. ಹೊಂದಿಸಿಕೊಂಡು ಹೋಗಿ.

ಡಿಸೆಂಬರ್‌ನಲ್ಲಿ ಸಂಜೆ 4ಕ್ಕೇ ಕತ್ತಲು, ಜೂನ್‌ನಲ್ಲಿ 9ರ ನಂತರವೂ ಬೆಳಕು. ಚಳಿಗಾಲದಲ್ಲಿ ಹೋಗುವವರು ಉದ್ಯಾನ ಬಿಟ್ಟು ಸಂಗ್ರಹಾಲಯದಲ್ಲೇ ಹೆಚ್ಚು ಹೊತ್ತು ಇರಿ.

ಮೊಬೈಲ್ ಬಗ್ಗೆ ಒಂದು ಎಚ್ಚರಿಕೆ. ಪಾದಚಾರಿ ಮಾರ್ಗದ ಅಂಚಿನಲ್ಲಿ ನಿಂತು ನಕ್ಷೆ ನೋಡುವವರ ಕೈಯಿಂದ ಬೈಕಿನಲ್ಲಿ ಬಂದು ಕಸಿದುಕೊಂಡು ಹೋಗುವುದು ಇಲ್ಲಿ ಸಾಮಾನ್ಯ. ದಾರಿ ನೋಡಬೇಕಾದರೆ ಅಂಗಡಿಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಾಸ್ಟೆಲ್ ವಿಳಾಸವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟಿರಿ.

ಹೆಜ್ಜೆ 8: ಭಾನುವಾರ, ಗ್ರೀನಿಚ್

ಭಾನುವಾರ ವೆಸ್ಟ್‌ಮಿನ್‌ಸ್ಟರ್ ಅಬ್ಬೆ, ಸೇಂಟ್ ಪಾಲ್ಸ್ ಎರಡೂ ಪ್ರಾರ್ಥನೆಗಷ್ಟೇ ತೆರೆದಿರುತ್ತವೆ. ದೊಡ್ಡ ಅಂಗಡಿಗಳಿಗೆ ಆರೇ ಗಂಟೆ ವ್ಯಾಪಾರದ ಅವಕಾಶ. ಆದ್ದರಿಂದ ನಗರದ ನಡುಭಾಗ ಬಿಟ್ಟುಬಿಡಿ. ಬ್ಯಾಂಕ್ ಎಂಬ ಹೆಸರಿನ ನಿಲ್ದಾಣದಿಂದ ಡಿಎಲ್‌ಆರ್ (ಡಾಕ್‌ಲ್ಯಾಂಡ್ಸ್ ಲಘು ರೈಲು) ಹತ್ತಿ. ಇದಕ್ಕೆ ಚಾಲಕನ ಕೋಣೆ ಇಲ್ಲ, ಮುಂದಿನ ಗಾಜಿನ ಪಕ್ಕದಲ್ಲೇ ಕೂರಬಹುದು. ಗ್ರೀನಿಚ್‌ವರೆಗೆ ಹೋಗದೆ ಎರಡು ನಿಲ್ದಾಣ ಮೊದಲೇ, ಐಲೆಂಡ್ ಗಾರ್ಡನ್ಸ್‌ನಲ್ಲಿ ಇಳಿಯಿರಿ. ಅಲ್ಲಿಂದ 1902ರಲ್ಲಿ ತೆರೆದ ಕಾಲುಸುರಂಗವಿದೆ. ಬಿಳಿ ಹೆಂಚು ಹೊದಿಸಿದ ಆ ಕೊಳವೆಯೊಳಗೆ ಥೇಮ್ಸ್ ನದಿಯ ಅಡಿಯಲ್ಲೇ ನಡೆದು ಆಚೆ ದಡಕ್ಕೆ ಏಳುತ್ತೀರಿ.

ಗುಡ್ಡ ಹತ್ತಿದರೆ ವೇಧಶಾಲೆ. ಅಂಗಳದೊಳಗೆ ಹೋಗಲು ಟಿಕೆಟ್ ಬೇಕು. ಆದರೆ ಸೊನ್ನೆ ರೇಖಾಂಶದ ಗೆರೆ ಹೊರಗಿನ ಕಾಲುದಾರಿಯ ಗೋಡೆಯ ಮೇಲೂ ಇದೆ, ಅದಕ್ಕೆ ದುಡ್ಡಿಲ್ಲ. ಅಲ್ಲಿ ನಿಂತು ಲೆಕ್ಕ ಹಾಕಿ: ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಒಂದು ಡಿಗ್ರಿಗೆ ನಾಲ್ಕು ನಿಮಿಷ, ಒಟ್ಟು 330 ನಿಮಿಷ. ದಿನವೂ ಮನೆಗೆ ಫೋನ್ ಮಾಡುವಾಗ ಕೂಡಿಸುವ ಐದೂವರೆ ಗಂಟೆ ಹುಟ್ಟುವುದು ಈ ಗೆರೆಯಿಂದ. ಬೇಸಿಗೆಯಲ್ಲಿ ಇವರು ಗಡಿಯಾರ ಮುಂದಿಡುವುದರಿಂದ ಅದು ನಾಲ್ಕೂವರೆಯಾಗುತ್ತದೆ. ನಾನು ಗೆರೆಯ ಮೇಲೆ ನಿಂತೇ ಅಮ್ಮನಿಗೆ ಫೋನ್ ಮಾಡಿದೆ. ಈ ಸಲ ಹೇಳಲು ಬೇಕಾದಷ್ಟಿತ್ತು.

ವೇಧಶಾಲೆಯ ತುದಿಯಲ್ಲಿ ಕೆಂಪು ಚೆಂಡೊಂದಿದೆ. 1833ರಿಂದ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಕೆಳಗೆ ಬೀಳುತ್ತದೆ. ನದಿಯಲ್ಲಿದ್ದ ಹಡಗುಗಳು ಅದನ್ನು ನೋಡಿ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದವು. 12.50ಕ್ಕೆ ಅಲ್ಲಿರಿ. ಗಾಳಿ ಜೋರಾಗಿದ್ದರೆ ಅಥವಾ ದುರಸ್ತಿ ನಡೆಯುತ್ತಿದ್ದರೆ ಮಾತ್ರ ಬೀಳುವುದಿಲ್ಲ.

ಗ್ರೀನಿಚ್ ಬೇಡವೆನಿಸಿದವರಿಗೆ ಇನ್ನೊಂದು ದಾರಿ ಇದೆ. ಚಾಕ್ ಫಾರ್ಮ್ ನಿಲ್ದಾಣದ ಹತ್ತಿರ, 10 ಕಿಂಗ್ ಹೆನ್ರೀಸ್ ರಸ್ತೆಯ ಮನೆಯಲ್ಲಿ ಡಾ. ಅಂಬೇಡ್ಕರ್ 1921–22ರಲ್ಲಿ ವಿದ್ಯಾರ್ಥಿಯಾಗಿ ಇದ್ದರು. ಅದೀಗ ಸ್ಮಾರಕ. ತೆರೆದಿರುವ ಸಮಯವನ್ನು ಮೊದಲೇ ನೋಡಿಕೊಂಡು ಹೋಗಿ. ಸಮೀಪದ ಪ್ರಿಮ್‌ರೋಸ್ ಗುಡ್ಡದಿಂದ ನಗರವೆಲ್ಲ ಕಾಣುತ್ತದೆ.

ಹೆಜ್ಜೆ 9: ಹಿಂದಿರುಗುವಾಗ

ವಿಕ್ಟೋರಿಯಾ ರೈಲು ನಿಲ್ದಾಣ ಬೇರೆ, ದೂರದ ಊರಿನ ಬಸ್ಸುಗಳು ಹೊರಡುವ ವಿಕ್ಟೋರಿಯಾ ಕೋಚ್ ನಿಲ್ದಾಣ ಬೇರೆ. ನಡುವೆ ಹತ್ತು ನಿಮಿಷದ ನಡಿಗೆ. ಇದು ತಿಳಿಯದೆ ಬಸ್ಸು ತಪ್ಪಿಸಿಕೊಂಡವರನ್ನು ಕಂಡಿದ್ದೇನೆ. ಅರ್ಧ ಗಂಟೆ ಮೊದಲೇ ಹೋಗಿ ಕೂರಿ, ಟಿಕೆಟ್ ತೋರಿಸಲು ಮೊಬೈಲಿನಲ್ಲಿ ಚಾರ್ಜ್ ಉಳಿಸಿಕೊಳ್ಳಿ.

ಸೋಮವಾರವೋ ಮಂಗಳವಾರವೋ ಬ್ಯಾಂಕ್ ಖಾತೆ ತೆರೆದು ಎರಡು ದಿನದ ಸಾರಿಗೆಯ ಕಡಿತವನ್ನು ನೋಡಿ. ದಿನದ ಮಿತಿಗಿಂತ ಹೆಚ್ಚು ಹೋಗಿದ್ದರೆ ಎಲ್ಲೋ ಇಳಿಯುವಾಗ ಕಾರ್ಡ್ ತಾಗಿಸುವುದು ತಪ್ಪಿಹೋಗಿದೆ ಎಂದರ್ಥ. ಲಂಡನ್ ಸಾರಿಗೆಯ ಜಾಲತಾಣದಲ್ಲಿ ನಿಮ್ಮ ಕಾರ್ಡ್ ನೋಂದಾಯಿಸಿ, ಆ ಅಪೂರ್ಣ ಪ್ರಯಾಣ ಎಲ್ಲಿ ಮುಗಿಯಿತೆಂದು ತಿಳಿಸಿ ಹಣ ವಾಪಸು ಕೇಳಬಹುದು. ನನ್ನ ಗೆಳತಿ ಹಾಗೆಯೇ ಮಾಡಿದಳು, ಅವಳ ಹಣ ವಾಪಸು ಬಂತು.